ತಾಯಿಯ ಟಿಪ್ಪಣಿ ಪುಸ್ತಕ ಮತ್ತು ಮಿತವ್ಯಯದ ಅಡುಗೆ
(ಇಗರ್ಜಿಯ ಶತಮಾನೋತ್ಸವದ ಅಂಗವಾಗಿ ಜರಗಿದ ಕುಟುಂಬ ದಿನದಂದು ಮಾಡಿದ ಭಾಷಣದ ಪಾಠ)



ಶತಮಾನೋತ್ಸವದ ಈ ವೇದಿಕೆಯಿಂದ ವಿದ್ವಾಂಸರು ಇತಿಹಾಸವನ್ನು ಕುರಿತು, ಧರ್ಮವನ್ನು ಕುರಿತು ಮಾತನಾಡಿದ್ದಾರೆ. ಅಡುಗೆಮನೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವಳನ್ನು ಕರೆದು, "ಕಡಿಮೆ ಖರ್ಚಿನಲ್ಲಿ ಮನೆತನದ ಅಡುಗೆ" ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಗುರುಗಳು ಅಪ್ಪಣೆ ಮಾಡಿದಾಗ ನನಗೆ ಸಂಕೋಚವೇ ಆಯಿತು. ನಮ್ಮಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಆದರೂ ಘಟ್ಟದ ಮೇಲಿನಿಂದ ಬಂದು ಇಲ್ಲಿ ನೆಲೆಸಿರುವ ಕುಟುಂಬಗಳೂ ಈ ಸಭೆಯಲ್ಲಿರುವುದರಿಂದ ಕನ್ನಡದಲ್ಲಿಯೇ ಮಾತನಾಡುತ್ತೇನೆ. ಪದಾರ್ಥಗಳ ಹೆಸರು ಬಂದಾಗ ಮಾತ್ರ ನಾಲಿಗೆ ಕೊಂಕಣಿಗೋ ತುಳುವಿಗೋ ಜಾರಿದರೆ ಕ್ಷಮಿಸಬೇಕು.

ನನ್ನ ಕೈಯಲ್ಲಿರುವ ಈ ಹಳೆಯ ಗೆರೆ ಪುಸ್ತಕವನ್ನು ತಾವು ನೋಡುತ್ತಿದ್ದೀರಿ. ಇದು ನನ್ನ ತಾಯಿಯದು. ಅವರು ಮದುವೆಯಾಗಿ ಬರುವಾಗ ತಮ್ಮ ತಾಯಿ ಹೇಳಿದ ಅಡುಗೆಗಳನ್ನು ಕನ್ನಡ ಲಿಪಿಯಲ್ಲಿ, ಕೊಂಕಣಿ ಭಾಷೆಯಲ್ಲಿ, ಶಾಯಿಯಿಂದ ಬರೆದುಕೊಂಡು ಬಂದಿದ್ದರು. ಹಂದಿಮಾಂಸದ ಬಫಾತ್, ಸನ್ನ, ಬೂತಾಯಿಯ ಹುಳಿ, ಕ್ರಿಸ್ಮಸ್ಸಿನ ಕುಸ್ವಾರ್, ಎಲ್ಲವೂ ಇದರಲ್ಲಿವೆ. ಆದರೆ ಪ್ರತಿಯೊಂದು ಪುಟದಲ್ಲಿಯೂ ಶಾಯಿಯ ಪ್ರಮಾಣದ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಇನ್ನೊಂದು ಪ್ರಮಾಣವಿದೆ. "ತೆಂಗಿನಕಾಯಿ ಒಂದು" ಎಂಬಲ್ಲಿ ಪೆನ್ಸಿಲಿನ ಬರಹ "ಅರ್ಧ ಗಡಿ" ಎನ್ನುತ್ತದೆ. "ಮಾಂಸ ಎರಡು ಸೇರು" ಎಂಬಲ್ಲಿ "ಅರ್ಧ ಕಿಲೋ, ಮೂಲಂಗಿ ಮುಕ್ಕಾಲು ಕಿಲೋ" ಎಂದಿದೆ.

ಪೆನ್ಸಿಲಿನ ಈ ಬರಹ ಆರಂಭವಾದದ್ದು 1976ರ ಮಳೆಗಾಲದಲ್ಲಿ. ನನ್ನ ತಂದೆ ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಆ ವರ್ಷ ಬಾಗಿಲು ಮುಚ್ಚಿತು. ಮನೆಯಲ್ಲಿ ಅಜ್ಜಿ, ತಂದೆ, ತಾಯಿ, ನಾವು ನಾಲ್ವರು ಮಕ್ಕಳು, ಹೀಗೆ ಒಟ್ಟು ಏಳು ಮಂದಿ. ಸಂಬಳವಿಲ್ಲದ ಆ ಒಂದೂವರೆ ವರ್ಷದಲ್ಲಿ ನಮ್ಮ ಮನೆಯ ಅಡುಗೆಯ ಹೆಸರುಗಳಾವುವೂ ಬದಲಾಗಲಿಲ್ಲ. ಬಫಾತ್ ಬಫಾತೇ ಆಗಿತ್ತು, ಸನ್ನ ಸನ್ನವೇ ಆಗಿತ್ತು. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಈ ಪೆನ್ಸಿಲಿನ ಬರಹದ ಆಧಾರದಿಂದಲೇ ತಮ್ಮ ಮುಂದಿಡುತ್ತೇನೆ.

ಮೊದಲು ಮಾಂಸದ ವಿಚಾರ. ಬಫಾತಿನ ರುಚಿ ಇರುವುದು ಅದರ ಹುಡಿಯಲ್ಲಿ, ಹುಳಿಯಲ್ಲಿ, ಮತ್ತು ಹಂದಿಯ ಕೊಬ್ಬಿನಲ್ಲಿ. ಮಾಂಸದ ತುಂಡುಗಳ ಸಂಖ್ಯೆಯಲ್ಲಲ್ಲ. ಅರ್ಧ ಕಿಲೋ ಮಾಂಸವನ್ನು ಕೊಬ್ಬು ಸಹಿತವಾಗಿ ಕೊಂಡು, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿಟ್ಟರೆ ಅದರದೇ ಕೊಬ್ಬು ಕರಗಿ ಒಗ್ಗರಣೆಯ ಕೆಲಸವನ್ನು ತೀರಿಸುತ್ತದೆ. ಮಾಂಸ ಮುಕ್ಕಾಲು ಬೆಂದ ಮೇಲೆ ಮೂಲಂಗಿಯನ್ನೋ ಎಳೆಯ ಪಪ್ಪಾಯಿ ಕಾಯಿಯನ್ನೋ ದೊಡ್ಡ ಹೋಳುಗಳಾಗಿ ಹಾಕಬೇಕು. ಈ ತರಕಾರಿಗಳು ಮಸಾಲೆಯನ್ನೂ ಕೊಬ್ಬಿನ ರಸವನ್ನೂ ಹೀರಿಕೊಂಡು ತಾವೇ ಮಾಂಸದ ರುಚಿಯನ್ನು ತಳೆಯುತ್ತವೆ. ಪಪ್ಪಾಯಿ ಕಾಯಿಯ ಹಾಲಿಗೆ ಮಾಂಸವನ್ನು ಮೆದುಗೊಳಿಸುವ ಗುಣವೂ ಇರುವುದರಿಂದ, ಮಾಂಸ ಗಟ್ಟಿಯಾಗಿದ್ದರೆ ಒಂದೆರಡು ಹೋಳುಗಳನ್ನು ಮೊದಲೇ ಜಜ್ಜಿ ಹಚ್ಚಿಟ್ಟರೆ ಗ್ಯಾಸೂ ಉಳಿಯುತ್ತದೆ. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಪಪ್ಪಾಯಿ ಗಿಡಕ್ಕೆ ನಾವು ಎಂದೂ ಬೆಲೆ ಕೊಟ್ಟವರಲ್ಲ. ಆ ವರ್ಷ ಅದು ನಮ್ಮ ಪಾಲಿಗೆ ದೊಡ್ಡ ಆಸ್ತಿಯಾಯಿತು.

ಇಲ್ಲಿ ಒಂದು ಮಾತು. ಇಂದು ನಾವು ಮದುವೆಯ ಊಟದಲ್ಲಿ ಗೌರವದಿಂದ ಬಡಿಸುವ ಸೊರ್ಪೊತೆಲ್ ಯಾವುದು? ಪೋರ್ಚುಗಲಿನಿಂದ ಗೋವೆಗೆ, ಗೋವೆಯಿಂದ ನಮ್ಮ ಪೂರ್ವಿಕರೊಡನೆ ಕೆನರಾ ಕರಾವಳಿಗೆ ಬಂದ ಆ ಪದಾರ್ಥವು ಹಂದಿಯ ಯಕೃತ್ತು, ಹೃದಯ, ರಕ್ತ ಮುಂತಾಗಿ ಬೇರೆಯವರು ಎಸೆಯಬಹುದಾದ ಭಾಗಗಳಿಂದಲೇ ಆದದ್ದು. ವಿನೆಗರಿನ ದೆಸೆಯಿಂದ ಅದು ಕೆಡದೆ ನಿಲ್ಲುತ್ತದೆ, ದಿನ ಕಳೆದಂತೆ ರುಚಿ ಹೆಚ್ಚುತ್ತದೆ. ಏನನ್ನೂ ಎಸೆಯಬಾರದು, ಒಮ್ಮೆ ಬೇಯಿಸಿದ್ದು ಹಲವು ಹೊತ್ತಿಗೆ ಬರಬೇಕು ಎಂಬ ಬಡವರ ಲೆಕ್ಕಾಚಾರವೇ ಅದರ ಮೂಲ. ಹೀಗಿರುವಾಗ, ಪದಾರ್ಥಕ್ಕೆ ಮೂಲಂಗಿ ಸೇರಿಸಿದೆವೆಂದು ನೆಂಟರೆದುರು ತಲೆ ತಗ್ಗಿಸುವುದೇಕೆ ಎಂದು ನಾನು ಕೇಳುತ್ತೇನೆ.

ತೆಂಗಿನಕಾಯಿಯ ಮಾತನ್ನು ಎತ್ತದೆ ಕರಾವಳಿಯ ಅಡುಗೆಯನ್ನು ಮುಗಿಸುವಂತಿಲ್ಲ. 2025ರಲ್ಲಿ ಕಾಯಿಯ ಧಾರಣೆಯೂ ಕೊಬ್ಬರಿ ಎಣ್ಣೆಯ ಧಾರಣೆಯೂ ಏರಿದ ಪರಿಯನ್ನು ತಾವು ಮರೆತಿರಲಾರಿರಿ. ಸ್ವಂತ ತೋಟವಿಲ್ಲದ ಮನೆಗಳಲ್ಲಿ ಅಂದು ಕಾಯಿ ಒಡೆಯುವ ಕೈ ಹಿಂಜರಿಯಿತು. ನನ್ನ ತಾಯಿಯ ಪೆನ್ಸಿಲು ಈ ವಿಷಯದಲ್ಲಿ ಬಹಳ ಕೆಲಸ ಮಾಡಿದೆ. ಅರ್ಧ ಗಡಿಯ ತುರಿಗೆ ಎರಡು ಚಮಚ ನೆನೆಸಿದ ಅಕ್ಕಿ, ಕೆಂಪಗೆ ಹುರಿದ ಒಂದು ದೊಡ್ಡ ನೀರುಳ್ಳಿ, ತುಸು ಹೆಚ್ಚು ಕೊತ್ತಂಬರಿ ಸೇರಿಸಿ ನುಣ್ಣಗೆ ಅರೆದರೆ ಸಾರಿಗೆ ಬೇಕಾದ ದಪ್ಪ ಬರುತ್ತದೆ. ನುಣ್ಣಗೆ ಅರೆಯುವುದೇ ಇಲ್ಲಿ ಮುಖ್ಯ. ತರಿತರಿಯಾಗಿ ಅರೆದ ಒಂದು ಗಡಿಗಿಂತ ಗಂಧದಂತೆ ಅರೆದ ಅರ್ಧ ಗಡಿ ಮೇಲು. ಹಾಲು ಹಿಂಡಿ ಉಳಿದ ತುರಿಯನ್ನು ಚೆಲ್ಲದೆ ಹರಿವೆಯ ಪಲ್ಯಕ್ಕೋ, ಹುರಿದು ಚಟ್ನಿಹುಡಿಗೋ ಹಾಕಬಹುದು. ಕಾಯಿಯ ನೀರಿಗೆ ಒಂದು ಚಮಚ ಸಕ್ಕರೆ ಬೆರೆಸಿ ರಾತ್ರಿಯಿಡೀ ಮುಚ್ಚಿಟ್ಟರೆ ಅದು ಹುಳಿಯೇರಿ, ಮಾರನೆಯ ದಿನ ಸನ್ನದ ಹಿಟ್ಟಿಗೆ ಶೇಂದಿಯ ಬದಲಾಗಿ ಒದಗುತ್ತದೆ. ಶೇಂದಿಯ ಪರಿಮಳ ಇದಕ್ಕಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಸನ್ನ ಉಬ್ಬುತ್ತದೆ.

ಸನ್ನಕ್ಕೆ ಪಡಿತರ ಅಂಗಡಿಯ ಬೆಳ್ತಿಗೆ ಅಕ್ಕಿಯೂ ಆಗುತ್ತದೆ. ಊಟಕ್ಕೆ ಕುಚ್ಚಲಕ್ಕಿಯೇ ಬೇಕೆನ್ನುವ ನಾವು ಆ ಅಕ್ಕಿಯನ್ನು ಅಗ್ಗಕ್ಕೆ ಮಾರಿಬಿಡುವುದನ್ನು ನಾನು ಕಂಡಿದ್ದೇನೆ. ಅದು ಶುದ್ಧ ನಷ್ಟ. ಮೂರು ಪಾಲು ಅಕ್ಕಿ, ಒಂದು ಪಾಲಿಗೂ ಕಡಿಮೆ ಉದ್ದು, ಒಂದು ಚಮಚ ಮೆಂತೆ, ಒಂದು ಹಿಡಿ ಅನ್ನ, ಇಷ್ಟು ಸಾಕು. ಕುಚ್ಚಲಕ್ಕಿಯನ್ನು ಬೇಯಿಸುವವರು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಈಗ ನಮ್ಮ ಕಡೆ ಹಲವು ಮನೆಗಳಲ್ಲಿರುವ ಥರ್ಮಲ್ ಕುಕ್ಕರಿನೊಳಗೆ ಇಟ್ಟುಬಿಟ್ಟರೆ ಉಳಿದ ಬೇಯುವಿಕೆ ಉರಿಯಿಲ್ಲದೆ ಆಗುತ್ತದೆ. ಗಂಜಿಯ ತಿಳಿಯನ್ನು ಬಸಿದು ಚರಂಡಿಗೆ ಸುರಿಯಬೇಡಿ. ಕುಚ್ಚಲಕ್ಕಿಯಲ್ಲಿ ಉಳಿದಿರುವ ಬಿ ಜೀವಸತ್ವಗಳ ಒಂದು ಭಾಗ ಆ ನೀರಿಗೆ ಇಳಿದಿರುತ್ತದೆ.

ಮೀನಿನ ಬಗ್ಗೆ ನಾನು ಉಪದೇಶ ಮಾಡಬೇಕಾದುದಿಲ್ಲ. ಅಂಜಲ್ ಕೊಳ್ಳುವ ಹಣದಲ್ಲಿ ಬೂತಾಯಿ ಎಷ್ಟು ಬರುತ್ತದೆಂಬುದನ್ನು ತಾವೇ ಬಲ್ಲಿರಿ. ಹೃದಯಕ್ಕೆ ಹಿತವೆಂದು ವೈದ್ಯರು ಹೇಳುವ ಮೀನಿನ ಕೊಬ್ಬು ಬೂತಾಯಿಯಲ್ಲಿ ಯಥೇಚ್ಛವಾಗಿದೆ. ಹುಣಿಸೆಯ ಬದಲು ಹಿತ್ತಲಿನ ಬಿಂಬುಳಿಯನ್ನೋ ಅಂಬಟೆಯನ್ನೋ ಹಾಕಿದರೆ ಅಷ್ಟು ಹಣ ಉಳಿಯಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದುದರಿಂದ ಆ ದಿನಗಳಲ್ಲಿ ಹಸಿಮೀನಿನ ಹಿಂದೆ ಓಡುವುದು ದುಡ್ಡಿನ ದಂಡ. ಮೇ ತಿಂಗಳಲ್ಲಿಯೇ ಒಣ ಸಿಗಡಿಯನ್ನು ತಂದು ಬಿಸಿಲಿಗೊಡ್ಡಿ ಡಬ್ಬಿಯಲ್ಲಿಟ್ಟರೆ, ಒಂದು ಹಿಡಿ ಸಿಗಡಿ ಒಂದು ಬಾಣಲೆ ಸಿಹಿಗುಂಬಳದ ಪಲ್ಯಕ್ಕೆ ಮೀನಿನ ರುಚಿಯನ್ನು ಕೊಡುತ್ತದೆ. ರಕ್ತದೊತ್ತಡವಿರುವವರು ಒಣಮೀನನ್ನು ನೀರಿನಲ್ಲಿ ನೆನೆಸಿ ಉಪ್ಪು ತೆಗೆದು ಬಳಸತಕ್ಕದ್ದು. ಹಲಸಿನ ಬೀಜ, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ, ಮೊದಲ ಮಳೆಗೆ ಚಿಗುರುವ ತಗಟೆ ಸೊಪ್ಪು, ಕೆಸುವಿನ ಎಲೆಯ ಪತ್ರೊಡೆ, ಇವೆಲ್ಲ ನಮ್ಮ ಅಜ್ಜಿಯಂದಿರ ಮಳೆಗಾಲದ ಸೈನ್ಯ.

ಇನ್ನು ಬೇಳೆಕಾಳು. ನೂರು ಗ್ರಾಮ್ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಮ್, ಹುರುಳಿಯಲ್ಲಿ ಸುಮಾರು 22 ಗ್ರಾಮ್ ಸಸಾರಜನಕವಿದೆ. ಅಕ್ಕಿಯಲ್ಲಿ ಕಡಿಮೆಯಿರುವ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಿರುವುದು ಅಕ್ಕಿಯಲ್ಲಿದೆ. ಆದಕಾರಣ ಗಂಜಿಯೊಡನೆ ಹೆಸರುಕಾಳಿನ ಪಲ್ಯವನ್ನು ಉಣ್ಣುವ ಮನೆ ಬಡಮನೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಹುರುಳಿ ಬೇಯಿಸಿದ ನೀರಿಗೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರು, ಕಾಳಿಗೆ ಒಣಮೆಣಸು ಕೊಟ್ಟರೆ ಪಲ್ಯ.

ಹಬ್ಬದ ದಿನಗಳಲ್ಲಿ ಏನು ಮಾಡುವುದೆಂದು ಸೋದರಿಯೊಬ್ಬರು ಚೀಟಿ ಕಳುಹಿಸಿದ್ದಾರೆ. ಸೆಪ್ಟೆಂಬರ್ 8ರ ನಮ್ಮ ಮೊಂತಿ ಹಬ್ಬವನ್ನೇ ನೋಡಿರಿ. ಹೊಸ ತೆನೆ, ಬಾಳೆ ಎಲೆಯ ಮೇಲೆ ಸಸ್ಯಾಹಾರದ ಊಟ, ಬೆಸ ಸಂಖ್ಯೆಯ ತರಕಾರಿ. ಉಳ್ಳವರು ಒಂಬತ್ತು ಬಗೆ ಮಾಡಬಹುದು, ಮೂರು ಬಗೆ ಮಾಡಿದವರ ಹಬ್ಬವೂ ಪೂರ್ಣವೇ. ಆದರೆ ಹಬ್ಬದ ಮುನ್ನಾದಿನ ಪೇಟೆಯಲ್ಲಿ ಬೆಂಡೆಕಾಯಿಯ ಬೆಲೆ ಕೇಳಿ ಬೆದರಿ, ಹಿತ್ತಲಲ್ಲಿರುವ ಕೆಸುವಿನ ದಂಟನ್ನು ಮರೆಯುತ್ತೇವೆ. ರೋಸಿನ ಊಟಕ್ಕೂ ಮದುವೆಯ ಊಟಕ್ಕೂ ಸಾಲ ಮಾಡುವ ವಿಚಾರ ಬೇರೊಂದು ಭಾಷಣಕ್ಕೆ ಸಾಕಾಗುವಷ್ಟಿದೆ. ಅದನ್ನು ಇಂದು ಮುಟ್ಟುವುದಿಲ್ಲ.

ಈಗ ಈ ಪುಸ್ತಕದ ಒಂದು ಪುಟವನ್ನು ತಮಗೆ ಓದಿ ಹೇಳಬೇಕಾಗಿದೆ. ಬೂತಾಯಿಯ ಹುಳಿಯ ಪುಟ. ಅಲ್ಲಿ ಪೆನ್ಸಿಲಿನಲ್ಲಿ "ಬೂತಾಯಿ 12, ತಲೆಗೆ ಎರಡು" ಎಂದು ಬರೆದಿದೆ. ನಾನು ಈ ಪುಸ್ತಕವನ್ನು ಹಲವು ವರ್ಷ ಬಳಸಿದ್ದೆ, ಆ ಸಾಲನ್ನು ಹಲವು ಸಾರಿ ಓದಿದ್ದೆ. ತಾಯಿ ತೀರಿಕೊಂಡ ಮೇಲೆ ಒಂದು ದಿನ ಅದೇ ಸಾಲನ್ನು ಓದುತ್ತಾ ಕೈ ನಿಂತಿತು. ಮನೆಯಲ್ಲಿದ್ದ ತಲೆಗಳು ಏಳು. ಹನ್ನೆರಡು ಮೀನು ಆರು ತಲೆಗಳ ಲೆಕ್ಕ.

ಆಗ ನನಗೆ ಅವರ ಹರಕೆಗಳು ನೆನಪಾದವು. ಬುಧವಾರ ನಿತ್ಯಾಧಾರ ಮಾತೆಯ ನೊವೇನ, ಆದುದರಿಂದ ತಮಗೆ ಮೀನು ಬೇಡ ಎನ್ನುತ್ತಿದ್ದರು. ಶುಕ್ರವಾರ ಪ್ರಭುವಿನ ಪಾಡುಗಳ ದಿನ. ಶನಿವಾರ ಮಾತೆಯ ದಿನ. ಉಳಿದ ದಿನಗಳಿಗೆ ಹೊಟ್ಟೆನೋವೋ ಮತ್ತೊಂದೋ ಇರುತ್ತಿತ್ತು. ತಾಯಿ ಬಹಳ ಭಕ್ತೆಯೆಂದು ನಾವು ಮಕ್ಕಳು ಹೆಮ್ಮೆಪಡುತ್ತಿದ್ದೆವು. ಗಂಜಿಯ ತಿಳಿ, ಒಂದು ಮಾವಿನಮಿಡಿ, ಅಷ್ಟೇ ಅವರ ಊಟ. 1977ರಲ್ಲಿ ಒಂದು ಮುಂಜಾನೆ ಬಾವಿಕಟ್ಟೆಯ ಬಳಿ ತಲೆಸುತ್ತಿ ಬಿದ್ದರು. ಅವರ ರಕ್ತದಲ್ಲಿ ಇರಬೇಕಾದುದರ ಅರ್ಧದಷ್ಟೇ ಕಬ್ಬಿಣದ ಸತ್ತ್ವವಿದೆಯೆಂದು ವೈದ್ಯರು ಹೇಳಿದರು. ತಂದೆಗೆ ಮತ್ತೆ ಕೆಲಸ ಸಿಕ್ಕಿದ ಮೇಲೆ ಅವರ ಹರಕೆಗಳು ಒಂದೊಂದಾಗಿ ತೀರಿದವು. ಬುಧವಾರವೂ ಮೀನು ತಿಂದರು. ಅದರ ಅರ್ಥವನ್ನು ನಾವಾರೂ ಅಂದು ಕೇಳಲಿಲ್ಲ. ಅವರ ಭಕ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ನೊವೇನಕ್ಕೆ ಅವರು ಕೊನೆಯವರೆಗೂ ತಪ್ಪದೆ ಬರುತ್ತಿದ್ದರು, ಇದೇ ಇಗರ್ಜಿಗೆ, ಎಡಬದಿಯ ಮೂರನೆಯ ಬೆಂಚಿಗೆ.

ಇದು ಹಳೆಯ ಕಾಲದ ಕಥೆಯಲ್ಲವೇ ಎಂದು ಯಾರಾದರೂ ಎಂದಾರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಅನೇಕ. ಕೊನೆಗೆ ಉಣ್ಣುವ ಅಭ್ಯಾಸವೂ ಅವುಗಳಲ್ಲೊಂದು. ಆದುದರಿಂದ ನನ್ನ ಮನೆಯಲ್ಲಿ ನಾನೊಂದು ಕ್ರಮವನ್ನು ಇಟ್ಟುಕೊಂಡಿದ್ದೇನೆ. ಪದಾರ್ಥ ಕಡಿಮೆಯಿದ್ದ ದಿನ ಸೌಟು ಮೇಜಿಗೆ ಹೋಗುವುದಿಲ್ಲ. ಒಲೆಯ ಬಳಿಯೇ ತಟ್ಟೆಗಳನ್ನು ಸಾಲಾಗಿಟ್ಟು, ಅಡುಗೆ ಮಾಡಿದವಳ ತಟ್ಟೆಗೆ ಅವಳ ಪಾಲನ್ನು ಮೊದಲು ಹಾಕಿ, ಅನಂತರ ಉಳಿದವರಿಗೆ ಬಡಿಸುವುದು. ನನ್ನ ಸೊಸೆಗೆ ಮೊದಮೊದಲು ಇದು ಬಹಳ ಮುಜುಗರವಾಯಿತು. ಈಗ ರೂಢಿಯಾಗಿದೆ. ಸಭೆಯಲ್ಲಿರುವ ಗಂಡಸರೂ ಎಣಿಸಿ ನೋಡಬಹುದು. ಅದಕ್ಕೆ ಅಡುಗೆ ಬರಬೇಕೆಂದಿಲ್ಲ, ಲೆಕ್ಕ ಬಂದರೆ ಸಾಕು.

ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಚೆನ್ನಾಗಿ ಸಂಪಾದಿಸಿರುವ ನನ್ನ ತಮ್ಮನು ರಜೆಯಲ್ಲಿ ಊರಿಗೆ ಬಂದಾಗ ಬಫಾತ್ ಕೇಳುತ್ತಾನೆ. ಒಮ್ಮೆ ಶಾಯಿಯ ಪ್ರಮಾಣದಲ್ಲಿ, ಮಾಂಸವೇ ತುಂಬಿದ ಬಫಾತ್ ಮಾಡಿಟ್ಟೆ. ಎರಡು ತುತ್ತು ತಿಂದು, "ಅಕ್ಕಾ, ಮೂಲಂಗಿ ಎಲ್ಲಿ?" ಎಂದ.

ಬಫಾತ್ ಹುಡಿಯ ಪ್ರಮಾಣವನ್ನು ಹಲವರು ಕೇಳಿದ್ದಾರಾದುದರಿಂದ ಅದನ್ನು ಹೇಳಿ ಕುಳಿತುಕೊಳ್ಳುತ್ತೇನೆ. ಬ್ಯಾಡಗಿ ಮೆಣಸು ಅರ್ಧ ಕಿಲೋ, ಕೊತ್ತಂಬರಿ ಕಾಲು ಕಿಲೋ, ಜೀರಿಗೆ 100 ಗ್ರಾಮ್, ಕಾಳುಮೆಣಸು 50 ಗ್ರಾಮ್, ಅರಸಿನ 50 ಗ್ರಾಮ್. ಇದು ನಮ್ಮ ಮನೆಯ ಲೆಕ್ಕ. ಎಲ್ಲವನ್ನೂ ಎರಡು ದಿನ ಬಿಸಿಲಿಗಿಟ್ಟು, ಬೇರೆಬೇರೆಯಾಗಿ ಬೆಚ್ಚಗೆ ಹುರಿದು ಹುಡಿ ಮಾಡಿಸಬೇಕು. ನಾಲ್ಕು ಮನೆಯವರು ಸೇರಿ ಮಾಡಿಸಿದರೆ ಪೇಟೆಯ ಪೊಟ್ಟಣಕ್ಕಿಂತ ಅಗ್ಗವಾಗುತ್ತದೆ. ಮಾಂಸದಲ್ಲಿ, ಕಾಯಿಯಲ್ಲಿ, ಎಣ್ಣೆಯಲ್ಲಿ ಕಡಿತ ಮಾಡಿದ ನನ್ನ ತಾಯಿ ಈ ಪುಟದಲ್ಲಿ ಮಾತ್ರ ಪೆನ್ಸಿಲು ಮುಟ್ಟಿಸಿಲ್ಲ. ಬರೆದುಕೊಳ್ಳಲು ಆಗದಿದ್ದವರು ಊಟದ ಹೊತ್ತಿನಲ್ಲಿ ನನ್ನ ಬಳಿಗೆ ಬರಬಹುದು, ಪುಸ್ತಕ ಇಲ್ಲಿಯೇ ಇರುತ್ತದೆ.