ಇಸ್ಪೀಟೆಲೆಯ ಸಂಬಳ

2022ನೆಯ ಇಸವಿಯ ಒಂದು ಭಾನುವಾರ ಮಧ್ಯಾಹ್ನ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಒಂದು ಮನೆ. ಸಾರು, ಹುಳಿ ಮುಗಿದು ಎಲ್ಲರೂ ಮಜ್ಜಿಗೆ ಅನ್ನಕ್ಕೆ ಬಂದಿದ್ದಾರೆ. ಇಪ್ಪತ್ತೇಳು ವರ್ಷದ ಮಗ, ಒಳ್ಳೆಯ ಕಂಪನಿಯಲ್ಲಿ ಎಂಜಿನಿಯರು, ತಟ್ಟೆಯ ಕಡೆ ನೋಡುತ್ತಲೇ ಹೇಳುತ್ತಾನೆ: "ಅಪ್ಪ, ಮುಂದಿನ ತಿಂಗಳು ಕೆಲಸ ಬಿಡುತ್ತೇನೆ."

"ಯಾಕೋ? ಬೇರೆ ಕಂಪನಿಯೇ?"

"ಇಲ್ಲ. ಪೋಕರ್."

ತಾಯಿಗೆ ಸಂತೋಷ. "ಅದೆಲ್ಲಿದೆಯೋ? ವೈಟ್‌ಫೀಲ್ಡಿನಲ್ಲೇ ಆದರೆ ಓಡಾಟಕ್ಕೆ ಕಷ್ಟ."

"ಕಂಪನಿಯಲ್ಲಮ್ಮ. ಇಸ್ಪೀಟು."

ಆಮೇಲೆ ಆ ಮನೆಯಲ್ಲಿ ಏನಾಯಿತೆಂದು ನಾನು ವರ್ಣಿಸಬೇಕಾಗಿಲ್ಲ. ಮನೆ ನನ್ನ ಕಲ್ಪನೆಯದು. ಆದರೆ ಸಂಬಳದ ಕೆಲಸ ಬಿಟ್ಟು ಪೋಕರ್ ಆಟವನ್ನೇ ಕಸುಬು ಮಾಡಿಕೊಂಡ ತರುಣ ತರುಣಿಯರು ನಮ್ಮಲ್ಲಿ ನಿಜವಾಗಿಯೂ ಇದ್ದಾರೆ. ಅವರಲ್ಲಿ ಬಹಳ ಮಂದಿ ಬುದ್ಧಿವಂತರು, ಲೆಕ್ಕ ಬಲ್ಲವರು. ಅವರನ್ನು "ಜೂಜುಕೋರ" ಎಂದು ಬಯ್ದುಬಿಡುವುದು ಸುಲಭ. ಅವರ ವಾದವನ್ನು ಕೇಳಿ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಈ ಹೊತ್ತು ಆ ಕಷ್ಟದ ಕೆಲಸವನ್ನೇ ಸ್ವಲ್ಪ ಮಾಡೋಣ.

ಮೊದಲು ಆಟವೇನೆಂದು ನೋಡೋಣ. ಹೆಚ್ಚಾಗಿ ಆಡುವ ಬಗೆಯಲ್ಲಿ ಎಲ್ಲರಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಮೇಜಿನ ನಡುವೆ ಮೊದಲು ಮೂರು, ಬಳಿಕ ಒಂದು, ಕೊನೆಗೆ ಇನ್ನೊಂದು, ಹೀಗೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ತನ್ನ ಎರಡು, ಮೇಜಿನ ಐದು, ಈ ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿಕೊಂಡವನದು ಗೆಲವು. ನಡುವೆ ನಾಲ್ಕು ಸುತ್ತು ಪಣ ಕಟ್ಟುವುದುಂಟು. ಆಟದ ಜೀವವೆಲ್ಲ ಈ ಪಣದಲ್ಲಿದೆ. ಕೆಟ್ಟ ಎಲೆ ಹಿಡಿದವನೂ ಧೈರ್ಯವಾಗಿ ಪಣ ಏರಿಸಿ ಎದುರಾಳಿಗಳನ್ನು ಹೆದರಿಸಿ, ಎಲೆ ತೋರಿಸದೆಯೇ ಹಣ ಬಾಚಿಕೊಳ್ಳಬಹುದು. ಒಳ್ಳೆಯ ಎಲೆ ಹಿಡಿದವನು ಸೋಲಿನ ವಾಸನೆ ಹಿಡಿದು ಸಕಾಲದಲ್ಲಿ ಎಲೆ ಮಡಚಿಟ್ಟು ಬಚಾವಾಗಬಹುದು. ಜಾನ್ ಫಾನ್ ನಾಯ್ಮನ್ ಎಂಬ ಮಹಾಗಣಿತಜ್ಞ 1944ರಲ್ಲಿ ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞರೊಡನೆ ಪ್ರಕಟಿಸಿದ ಗ್ರಂಥದಲ್ಲಿ ಈ ಹೆದರಿಸುವ ವಿದ್ಯೆಯನ್ನೇ ಗಣಿತದಿಂದ ವಿವರಿಸಿದ್ದಾರೆ. ಆದುದರಿಂದ ಇದರಲ್ಲಿ ವಿದ್ಯೆ ಉಂಟು ಎಂದು ಮಗ ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ.

ನ್ಯಾಯಾಲಯಗಳೂ ಈ ಬಗ್ಗೆ ವಿಚಾರ ಮಾಡಿವೆ. ರಮ್ಮಿ ಬಹುಮಟ್ಟಿಗೆ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಮೂರೆಲೆಯ ಆಟ ಹಾಗಲ್ಲ, ಅದು ಬರಿಯ ಅದೃಷ್ಟದ್ದು ಎಂದೂ ಭೇದ ತೋರಿಸಿತು. ಕೌಶಲದ ಆಟವಾಗಿ ಪೋಕರ್ ಆಡಿಸಲು ಕ್ಲಬ್ಬುಗಳು ಪರವಾನಗಿ ಪಡೆಯಬೇಕಾಗಿಲ್ಲವೆಂದು ನಮ್ಮ ಹೈಕೋರ್ಟು 2013ರಲ್ಲಿ ತಿಳಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯನ್ನು ಅದೇ ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. ನಮ್ಮ ಕಲ್ಪನೆಯ ಮಗ ಊಟದ ಹೊತ್ತಿನಲ್ಲಿ ಧೈರ್ಯವಾಗಿ ಬಾಯಿಬಿಟ್ಟದ್ದು ಈ ಬಲದಿಂದ.

ಅವನಿಗೆ ಈ ಆಸೆ ಹತ್ತಿದ್ದು ಎಲ್ಲಿಂದ? 2003ರಲ್ಲಿ ಅಮೆರಿಕದ ಟೆನೆಸಿ ಸಂಸ್ಥಾನದ ಒಬ್ಬ ಲೆಕ್ಕಿಗ 86 ಡಾಲರು ತೆತ್ತು ಇಂಟರ್‌ನೆಟ್ಟಿನಲ್ಲಿ ಒಂದು ಅರ್ಹತಾ ಪಂದ್ಯ ಆಡಿದ. ಅದರಿಂದ ಲಾಸ್ ವೇಗಾಸ್ ನಗರದ ವಿಶ್ವ ಪಂದ್ಯಕ್ಕೆ ಪ್ರವೇಶ ಸಿಕ್ಕಿತು. ಅಲ್ಲಿ 839 ಜನರಲ್ಲಿ ಮೊದಲಿಗನಾಗಿ 25 ಲಕ್ಷ ಡಾಲರು ಗೆದ್ದ. ಅವನ ಹೆಸರು ಕ್ರಿಸ್ ಮನಿಮೇಕರ್. "ಹಣ ಮಾಡುವವನು" ಎಂದರ್ಥ. ಕಟ್ಟುಕಥೆಯಲ್ಲ, ಅವನ ಮನೆತನದ ಹೆಸರೇ ಅದು. ಮೂರೇ ವರ್ಷದಲ್ಲಿ, 2006ರ ಹೊತ್ತಿಗೆ, ಅದೇ ಪಂದ್ಯಕ್ಕೆ 8,773 ಜನ ಬಂದರು. ಒಬ್ಬ ಲೆಕ್ಕಿಗನಿಗೆ ಆಗುವುದಾದರೆ ನಮಗೇಕಾಗದು ಎಂದು ಲೋಕದ ಲೆಕ್ಕಿಗರೆಲ್ಲ ಯೋಚಿಸಿದರು. ನಮ್ಮ ದೇಶದವರೂ ಹಿಂದೆ ಬೀಳಲಿಲ್ಲ. 2018ರಲ್ಲಿ ನಿಕಿತಾ ಲೂಥರ್ ಆ ವಿಶ್ವ ಸರಣಿಯ ಜೋಡಿ ಪಂದ್ಯವೊಂದನ್ನು ಗೆದ್ದು, ಅಲ್ಲಿನ ಪ್ರಶಸ್ತಿ ಕಡಗ ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಸರಿ, ವಿದ್ಯೆ ಉಂಟು, ಗೆದ್ದವರೂ ಉಂಟು. ಹಾಗಾದರೆ ತಂದೆಯ ಹೆದರಿಕೆಗೆ ಅರ್ಥವಿಲ್ಲವೆ? ಇದೆ. ಆದರೆ "ಇದು ಅದೃಷ್ಟದ ಆಟ" ಎಂಬುದು ಆ ಅರ್ಥವಲ್ಲ. ವಿದ್ಯೆ ಇದೆಯೋ ಇಲ್ಲವೋ ಎಂಬುದು ಆಡುವವನಿಗೇ ಬಹಳ ಕಾಲ ಗೊತ್ತಾಗುವುದಿಲ್ಲ. ಇರುವ ತೊಡಕು ಇದು.

ಒಂದು ಲೆಕ್ಕ ಹೇಳುತ್ತೇನೆ. ನೂರು ಹುಡುಗರನ್ನು ನಿಲ್ಲಿಸಿ, ಒಬ್ಬೊಬ್ಬನೂ ಒಂದು ನಾಣ್ಯವನ್ನು ನೂರು ಸಲ ಚಿಮ್ಮಲಿ. ಇದರಲ್ಲಿ ಯಾರ ಜಾಣತನವೂ ಇಲ್ಲ. ಆದರೂ ಸುಮಾರು ಹದಿನೆಂಟು ಹುಡುಗರಿಗೆ ತಲೆ 55 ಸಲವೋ ಇನ್ನೂ ಹೆಚ್ಚೋ ಬೀಳುತ್ತದೆ. ಗಣಿತ ಹೇಳುವುದು ಹಾಗೆ. ಈ ಹದಿನೆಂಟು ಜನ ಮನೆಗೆ ಹೋಗಿ "ನನಗೆ ನಾಣ್ಯ ಚಿಮ್ಮುವ ಕೈಗುಣ ಇದೆ" ಎಂದರೆ ನಾವು ನಗುತ್ತೇವೆ. ಪೋಕರಿನಲ್ಲಿ ಆರು ತಿಂಗಳು ಗೆದ್ದವನು ಅದನ್ನೇ ಹೇಳಿದಾಗ ನಗುವುದಕ್ಕೂ ಆಗುವುದಿಲ್ಲ, ನಂಬುವುದಕ್ಕೂ ಆಗುವುದಿಲ್ಲ.

ಸೋತವನ ಪಾಡೂ ಹೀಗೆಯೇ. ಕೈಗೆ ಎರಡು ಎಕ್ಕ ಬರುವುದು 221 ಸಲಕ್ಕೆ ಒಮ್ಮೆ. ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಎದುರಾಳಿಯ ಕೈಯಲ್ಲಿ ಎರಡು ರಾಜ. ಇಬ್ಬರೂ ಇದ್ದ ಹಣವೆಲ್ಲ ಮುಂದಿಟ್ಟರೆನ್ನಿ. ಎಕ್ಕದವನು ಮಾಡಿದ್ದು ಪೂರಾ ಸರಿ. ಆದರೂ ನೂರರಲ್ಲಿ ಸುಮಾರು ಹದಿನೆಂಟು ಸಲ ಅವನೇ ಸೋಲುತ್ತಾನೆ. ತಪ್ಪು ಮಾಡದೆ ಸೋತವನು "ನಾನು ಸರಿಯಾಗಿಯೇ ಆಡಿದೆ" ಎನ್ನುತ್ತಾನೆ. ತಪ್ಪು ಮಾಡಿ ಸೋತವನೂ ಅದನ್ನೇ ಎನ್ನುತ್ತಾನೆ. ಇಬ್ಬರನ್ನೂ ಬೇರೆಮಾಡಿ ಹೇಳುವವರು ಯಾರು?

ಎಷ್ಟು ಆಡಿದರೆ ಸತ್ಯ ಹೊರಬೀಳುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ದೃಷ್ಟಾಂತವಿದೆ. 2015ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ತಾವು ಕಲಿಸಿದ ಗಣಕಯಂತ್ರವನ್ನು ನಾಲ್ವರು ನುರಿತ ಪೋಕರ್ ಆಟಗಾರರ ಎದುರು ಕೂರಿಸಿದರು. ಎಲೆ ಹಂಚಿ ಆಡಿದ್ದು 80,000 ಸಲ. ಕೊನೆಗೆ ಮನುಷ್ಯರು ಮುಂದಿದ್ದರು. ಆದರೆ ಆ ಅಂತರ ಕೌಶಲದ್ದೆಂದು ಖಚಿತವಾಗಿ ಹೇಳಲಾಗದೆ ವಿದ್ವಾಂಸರು ಅದನ್ನು ಸಮಸಮವೆಂದೇ ಎಣಿಸಿದರು. ಆದುದರಿಂದ 2017ರಲ್ಲಿ, ಹೊಸ ಯಂತ್ರದೊಡನೆ, 1,20,000 ಸಲ ಆಡಿಸಿದರು. ಆ ಬಾರಿ ಯಂತ್ರವೇ ಸ್ಪಷ್ಟವಾಗಿ ಗೆದ್ದಿತು.

ಈ 80,000ವನ್ನು ಮನೆಯ ಲೆಕ್ಕಕ್ಕೆ ಇಳಿಸೋಣ. ಮೇಜಿನ ಮುಂದೆ ಕುಳಿತು ಆಡಿದರೆ ಗಂಟೆಗೆ ಸುಮಾರು ಮೂವತ್ತು ಆಟ. ದಿನಕ್ಕೆ ಎಂಟು ಗಂಟೆ ಕುಳಿತರೂ 333 ದಿನ ಬೇಕು. ಒಂದು ವರ್ಷ ರಜವಿಲ್ಲದೆ ದುಡಿದ ಮೇಲೂ "ನೀನು ಈ ಕೆಲಸಕ್ಕೆ ಯೋಗ್ಯ" ಎಂಬ ಮಾತು ಖಚಿತವಾಗಿ ಬಾರದ ಉದ್ಯೋಗ ಬೇರೆ ಯಾವುದಿದೆ? ಬಡಗಿಯ ಕುರ್ಚಿ ಕುಂಟಿದರೆ ಅದೇ ದಿನ ತಿಳಿಯುತ್ತದೆ. ಅಡುಗೆಯವನ ಸಾರು ಕೆಟ್ಟರೆ ಮೊದಲ ಪಂಕ್ತಿಯಲ್ಲೇ ಗೊತ್ತಾಗುತ್ತದೆ.

ಇಂಟರ್‌ನೆಟ್ಟಿನಲ್ಲಿ ಒಂದೇ ಹೊತ್ತಿಗೆ ನಾಲ್ಕಾರು ಮೇಜುಗಳಲ್ಲಿ ಆಡಬಹುದಾಗಿತ್ತು. ಆದುದರಿಂದಲೇ ತರುಣರಿಗೆ ಈ ಕಸುಬು ಬೇಗ ಕೈಗೆಟುಕುವಂತೆ ಕಂಡಿತು. ಆದರೆ ಆ ಮೇಜು ಅವರದಾಗಿರಲಿಲ್ಲ. ಅಮೆರಿಕದಲ್ಲಿ 2011ರ ಏಪ್ರಿಲ್ 15ರಂದು ಅಲ್ಲಿನ ಸರ್ಕಾರ ದೊಡ್ಡ ಪೋಕರ್ ತಾಣಗಳ ಮೇಲೆ ಮೊಕದ್ದಮೆ ಹೂಡಿ ಅವುಗಳ ಬಾಗಿಲು ಮುಚ್ಚಿಸಿತು. ಒಂದು ತಾಣದಲ್ಲಿ ಹಣವಿಟ್ಟಿದ್ದ ಅಲ್ಲಿನ ಆಟಗಾರರಿಗೆ ಅದು ಮರಳಿ ಬರತೊಡಗಿದ್ದು 2014ರಲ್ಲಿ. ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನು ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೇ ಅಪರಾಧವಾಗಿಸಿತು. ಲೋಕಸಭೆ 20ರಂದು, ರಾಜ್ಯಸಭೆ 21ರಂದು, ರಾಷ್ಟ್ರಪತಿಗಳ ಅಂಕಿತ 22ರಂದು. ಶಿಕ್ಷೆ ಆಡಿಸಿದವರಿಗೆ, ಆಡಿದವರಿಗಲ್ಲ. ಆದರೆ ದೊಡ್ಡ ಕಂಪನಿಗಳು ಕೆಲವೇ ದಿನಗಳಲ್ಲಿ ಹಣದ ಮೇಜುಗಳನ್ನು ಎತ್ತಿಟ್ಟವು. ಕಾಯಿದೆಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರುಂಟು. ಅದೇನೇ ಇರಲಿ, 2022ರಲ್ಲಿ ಕೆಲಸ ಬಿಟ್ಟ ನಮ್ಮ ಮಗನಿಗೆ ಮೂರು ವರ್ಷಕ್ಕೆ ಕಚೇರಿಯೇ ಇಲ್ಲದಂತಾಯಿತು. ಗೋವೆಯ ಕ್ಯಾಸಿನೊ, ವಿದೇಶದ ಪಂದ್ಯ, ಇಂಥವೇ ಉಳಿದ ದಾರಿ. ಎರಡಕ್ಕೂ ಖರ್ಚು ಹೆಚ್ಚು, ಆಟ ನಿಧಾನ.

"ಕಂಪನಿಯೇನು ಶಾಶ್ವತವೇ ಅಪ್ಪ? ಒಂದು ಇ-ಮೇಲು ಕಳಿಸಿ ಸಾವಿರ ಜನರನ್ನು ಮನೆಗಟ್ಟುತ್ತಾರೆ" ಎಂದು ಮಗ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಕಂಪನಿ ಬಿಡಿಸಿದವನಿಗೆ ಭವಿಷ್ಯನಿಧಿ ಉಳಿಯುತ್ತದೆ, ಅನುಭವಪತ್ರ ಉಳಿಯುತ್ತದೆ, ಕಲಿತ ಕೆಲಸವನ್ನು ಇನ್ನೊಂದು ಬಾಗಿಲಿಗೆ ಒಯ್ಯಬಹುದು. ಮೂರು ವರ್ಷ ಎಲೆ ಆಡಿದವನ ಕೈಯಲ್ಲಿ ಬ್ಯಾಂಕಿನವರು ಕೇಳುವ ಸಂಬಳದ ಚೀಟಿ ಇರುವುದಿಲ್ಲ.

ಇನ್ನೊಂದು ಮಾತು. ರೈತ ರಾಗಿ ಮಾರಿದರೆ ಅವನಿಗೆ ಹಣ, ಕೊಂಡವನಿಗೆ ಊಟ, ಇಬ್ಬರಿಗೂ ಲಾಭ. ಪೋಕರ್ ಮೇಜಿನಲ್ಲಿ ಸಂಜೆ ಒಂಬತ್ತು ಜನ ತಲಾ ಹತ್ತು ಸಾವಿರ ತಂದರೆ ಒಟ್ಟು ತೊಂಬತ್ತು ಸಾವಿರ. ಬೆಳಗಿನ ಜಾವ ಅಷ್ಟೂ ಇರುವುದಿಲ್ಲ. ಆಡಿಸಿದವನು ತನ್ನ ಪಾಲು ತೆಗೆದುಕೊಂಡಿರುತ್ತಾನೆ. ಉಳಿದದ್ದರಲ್ಲಿ ಒಬ್ಬನ ಸಂಬಳವೆಂದರೆ ಇನ್ನೊಬ್ಬನ ನಷ್ಟವೇ. ಕಸುಬಿನವನು ಬದುಕುವುದು ತನಗಿಂತ ಎಳಸಾದವರಿಂದ, ಸೋತರೂ ಏಳಲಾರದವರಿಂದ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಧರ್ಮರಾಯನ ಭಯ: ಮಗ ಅವನಂತೆ ಮನೆಮಠ ಕಳೆದುಬಿಟ್ಟಾನು ಎಂದು. ಧರ್ಮರಾಯ ಹವ್ಯಾಸಿ. ಆ ಸಭೆಯಲ್ಲಿದ್ದ ವೃತ್ತಿನಿರತ ಶಕುನಿ. ಮಗ ಹೇಳುತ್ತಿರುವುದು "ನಾನು ಧರ್ಮರಾಯನಾಗುವುದಿಲ್ಲ ಅಪ್ಪ, ಶಕುನಿಯಾಗುತ್ತೇನೆ" ಎಂದು. ಪಗಡೆಯಲ್ಲಿ ಶಕುನಿ ಮೋಸ ಮಾಡಿದ, ಇವನು ಮಾಡುವುದಿಲ್ಲ; ಒಪ್ಪೋಣ. ಆದರೂ ಮೇಜಿನ ಸುತ್ತ ಕುಳಿತ ಒಂಬತ್ತು ಮಂದಿಯೂ ತಾವೇ ಶಕುನಿಯೆಂದು ತಿಳಿದಿರುತ್ತಾರೆ ಎಂಬುದನ್ನು ಅವನು ಮರೆಯಬಾರದು.

ಹಾಗಾದರೆ ಹಿರಿಯರು ಏನು ಹೇಳಬೇಕು? ಹೊಡೆದು ಬಡಿದು ಬಾಗಿಲು ಹಾಕಿದರೆ ಅವನು ಆಟ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲಿನ ಒಂದು ಸೂಕ್ತವಿದೆ. ಸಾಲ ಮಾಡಿಕೊಂಡು ರಾತ್ರಿ ಪರರ ಮನೆಯತ್ತ ಹೆದರಿ ನಡೆಯುವವನ ಚಿತ್ರ ಅದರಲ್ಲಿ ಬರುತ್ತದೆ. ಅವನಿಗೆ ಹಣ ಹೋದದ್ದಷ್ಟೇ ಅಲ್ಲ, ಮನೆಯಲ್ಲಿ ಹೇಳಿಕೊಳ್ಳುವವರೂ ಇಲ್ಲವಾಗಿದ್ದರು.

ಆದುದರಿಂದ ಆ ತಂದೆ ಹೀಗೆ ಹೇಳಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ: "ನಿನಗೆ ವಿದ್ಯೆ ಇಲ್ಲ ಎನ್ನುವುದಿಲ್ಲಪ್ಪ. ಇದೆ ಎಂದು ತೋರಿಸು. ಕೆಲಸದಲ್ಲಿದ್ದುಕೊಂಡೇ, ಕಾನೂನು ಒಪ್ಪುವ ಕಡೆ ಮಾತ್ರ ಆಡು. ಮನೆಯ ಹಣ ಬೇರೆ, ಆಟದ ಹಣ ಬೇರೆ ಇರಲಿ. ಸಾಲದ ಹಣ ಮೇಜಿಗೆ ಹೋಗಕೂಡದು. ಒಂದೊಂದು ದಿನದ ಲೆಕ್ಕವನ್ನೂ ಪುಸ್ತಕದಲ್ಲಿ ಬರೆ. ಗೆದ್ದದ್ದರ ಜೊತೆಗೆ ಪ್ರಯಾಣ, ಊಟ, ತೆರಿಗೆ, ನಿದ್ದೆಗೆಟ್ಟ ರಾತ್ರಿ, ಎಲ್ಲ ಬರೆ. ತಿಂಗಳಿಗೊಮ್ಮೆ ನಾವಿಬ್ಬರೂ ಕುಳಿತು ನೋಡೋಣ."

ಈ ಪುಸ್ತಕ ಬರೆಯಲು ಒಪ್ಪದವನಿಗೆ ಉತ್ತರ ಅಲ್ಲೇ ಸಿಕ್ಕಂತಾಯಿತು. ಬರೆದವರಲ್ಲಿ ಬಹಳ ಮಂದಿ ವರ್ಷ ತುಂಬುವ ಮೊದಲೇ ತಾವಾಗಿ ಕಂಪನಿಯ ಕಡೆಗೆ ಪ್ರೀತಿಯಿಂದ ನೋಡಿಯಾರು. ಆಟ ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದವನು ಮಾತ್ರ ಲೆಕ್ಕದ ಮಾತಿಗೆ ಬರುವುದಿಲ್ಲ, ಅದು ಕಾಯಿಲೆ. ಬಯ್ಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಟರ್‌ನೆಟ್ ಮತ್ತು ಆಟಗಳ ಚಟಕ್ಕೆಂದೇ 2014ರಲ್ಲಿ ಒಂದು ಚಿಕಿತ್ಸಾಲಯ ತೆರೆದರು. ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆಯ 14416ಕ್ಕೆ ಫೋನು ಮಾಡಿಯೂ ಸಲಹೆ ಕೇಳಬಹುದು.

ಆ ಭಾನುವಾರದ ಮನೆಗೆ ಹಿಂತಿರುಗೋಣ. ಮಗ ತಟ್ಟೆ ಮುಂದಿಟ್ಟುಕೊಂಡು ಇನ್ನೂ ಕುಳಿತಿದ್ದಾನೆ. ಎದ್ದು ಹೋಗಿಲ್ಲ. ಕೇಳದೆಯೂ ಕೆಲಸ ಬಿಡಬಹುದಾಗಿತ್ತು. ಆದರೆ ಬಂದು ಹೇಳಿದ್ದಾನೆ. ಅಪ್ಪ ಅಮ್ಮ ಏನೆಂದಾರು ಎಂಬುದು ಅವನಿಗೆ ಇನ್ನೂ ಬೇಕಾಗಿದೆ. ಸಿಟ್ಟು ಬಂದರೂ ಒಂದು ಗಳಿಗೆ ತಡೆದುಕೊಂಡು, ಅವನ ತಟ್ಟೆಗೆ ಇನ್ನಷ್ಟು ಮಜ್ಜಿಗೆ ಹಾಕಿ, "ಸರಿ, ಲೆಕ್ಕ ಹೇಳು, ಕೇಳೋಣ" ಎನ್ನಿ.