ಸರಳ ಬದುಕಿಗೆ ಬಿಡುವಿನ ದಿನ ಬೇಕೇ?

(ವಸ್ತಾರೆಯಲ್ಲಿ ನಡೆದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸರಳ ಜೀವನದ ಕುರಿತು ಮಾತನಾಡಬೇಕೆಂದು ಸಂಘಟಕರು ಕರೆ ಮಾಡಿದಾಗ ನಾವು ಬಸ್ ನಿಲ್ದಾಣದಲ್ಲಿ ನಿಂತುಕೊಂಡೇ ಮಧ್ಯಾಹ್ನದ ಊಟ ಮುಗಿಸುತ್ತಿದ್ದೆವು. ಎರಡು ಲೇಖನಗಳು ಬಾಕಿಯಿದ್ದವು. ಇಂತಹವರಿಗೆ ಸರಳತೆಯ ಉಪದೇಶ ಮಾಡುವ ಅರ್ಹತೆ ಎಲ್ಲಿಯದು ಎಂದು ನಮಗೆ ನಾವೇ ನಕ್ಕೆವು. ಆದರೆ ಈ ಸಭೆಯಲ್ಲಿ ಬಿಡುವಾಗಿರುವವರು ಯಾರಿದ್ದಾರೆ? ರಾತ್ರಿ ಹತ್ತಕ್ಕೆ ಅಂಗಡಿಯ ಬಾಗಿಲು ಹಾಕುವವರು, ಚಾರ್ಮಾಡಿ ಘಾಟಿಯಲ್ಲಿ ವಾಹನ ಓಡಿಸುವವರು, ಮಕ್ಕಳ ಶಾಲೆ, ಮದ್ರಸ, ಟ್ಯೂಶನ್ ಎಂದು ಬೆಳಗಿನಿಂದ ಸುತ್ತುವ ತಾಯಂದಿರು. ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಕುಯ್ಲೊಂದು ಮುಗಿಯಲಿ, ಮಗಳ ಮದುವೆಯೊಂದು ಆಗಲಿ, ಆಮೇಲೆ ಸರಳವಾಗಿ ಬದುಕೋಣ. ಕುಯ್ಲು ಮುಗಿದರೆ ಮರಗಸಿ, ಮರಗಸಿ ಮುಗಿಯುವಷ್ಟರಲ್ಲಿ ಮಳೆ, ಮಳೆ ನಿಂತರೆ ಮತ್ತೆ ಕುಯ್ಲು. ಆ 'ಆಮೇಲೆ' ಬಂದದ್ದನ್ನು ಕಂಡವರಿಲ್ಲ.

ಈ ಬೆಟ್ಟಗಳಿಗೆ ಕಾಫಿ ಬಂದ ಕಥೆ ನಿಮಗೆಲ್ಲ ಗೊತ್ತು. ಹಜ್ಜ್ ಮುಗಿಸಿ ಹಿಂದಿರುಗುವಾಗ ಬಾಬಾ ಬುಡನ್‌ರವರು ಯಮನ್‌ನಿಂದ ಏಳು ಬೀಜಗಳನ್ನು ತಂದರೆಂಬುದು ಪರಂಪರೆಯ ನಂಬಿಕೆ. ಏಳೇ ಬೀಜಗಳು! ಇಂದು ಉಮ್ರಾ ಮುಗಿಸಿ ಬರುವ ನಮ್ಮ ಸಹೋದರರು ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತೆಂದು ಪೆಟ್ಟಿಗೆ ಬಿಚ್ಚಿ, ಕಂಬಳಿ ಹೊರತೆಗೆಯುವುದನ್ನು ನಾವು ಕಂಡಿದ್ದೇವೆ. ಇದನ್ನು ತಮಾಷೆಗಾಗಿ ಹೇಳಿದೆವು, ಬೇಸರಿಸಬೇಡಿ.

ಕಾಫಿಯ ಬೆಲೆಯ ಕಥೆಗೆ ಬರೋಣ. ಒಂದು ಕಾಲದಲ್ಲಿ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಕೈಸೇರುತ್ತಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಸಡಿಲಿತು. ಅದಕ್ಕೂ ಮುನ್ನ, 1994ರಲ್ಲಿ, ಬ್ರೆಝಿಲಿನಲ್ಲಿ ಮಂಜುಗಟ್ಟಿ ಅಲ್ಲಿನ ಬೆಳೆ ಕೆಟ್ಟಿದ್ದರಿಂದ ಜಗತ್ತಿನಾದ್ಯಂತ ಬೆಲೆ ಏರಿತ್ತು. ಒಮ್ಮೆಗೇ ಹಣ ಕಂಡ ಮನೆಗಳಲ್ಲಿ ಖರ್ಚಿನ ಮಟ್ಟವೂ ಏರಿತು. ಬೆಳೆಗಾರರದು ಮಾತ್ರವಲ್ಲ, ಅವರನ್ನು ನಂಬಿದ ಬಟ್ಟೆಯಂಗಡಿ, ಕಿರಾಣಿ, ಬಾಡಿಗೆ ವಾಹನದವರದೂ ಏರಿತು. 2001ರ ಹೊತ್ತಿಗೆ ಬೆಲೆ ಹಲವು ದಶಕಗಳಲ್ಲೇ ಕಾಣದಷ್ಟು ಕುಸಿಯಿತು. ಬೆಲೆ ಕೆಳಗಿಳಿದರೂ ಏರಿದ ಖರ್ಚು ಇಳಿಯಲು ಒಪ್ಪಲಿಲ್ಲ. ಆ ವರ್ಷಗಳಲ್ಲಿ ಈ ಭಾಗದಲ್ಲಿ ಮನೆಯ ಚಿನ್ನ ಎಲ್ಲಿಗೆ ಹೋಯಿತೆಂಬುದನ್ನು ಇಲ್ಲಿರುವ ಹಿರಿಯರನ್ನೇ ಕೇಳಿ.

2024ರ ಡಿಸೆಂಬರಿನಲ್ಲಿ ಅರೇಬಿಕಾ ಬೆಲೆ 1977ರ ದಾಖಲೆಯನ್ನೂ ಮೀರಿತು. ಮತ್ತೆ ಹಣ ಬಂದಿದೆ, ಅಲ್‌ಹಮ್ದುಲಿಲ್ಲಾಹ್. ಬೆಲೆ ಬಿದ್ದಾಗ ಸರಳರಾಗುವುದು ನಿರ್ಬಂಧ; ಬೆಲೆ ಇರುವಾಗ ಆಗುವುದು ಆಯ್ಕೆ. ನಮ್ಮ ಪರೀಕ್ಷೆ ಬರಗಾಲದಲ್ಲಿಲ್ಲ, ಈ ಸುಗ್ಗಿಯಲ್ಲಿದೆ ಎಂದು ನಮಗನಿಸುತ್ತದೆ.

ಇಲ್ಲಿಂದ ದೂರವಿಲ್ಲದ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರಿದ್ದರು. ಎಂ.ಎ. ಮುಗಿಸಿದವರು ನಗರದ ನೌಕರಿಗೆ ಹೋಗದೆ ತೋಟ ಮಾಡಿದರು. 1966ರಲ್ಲಿ ಕುಪ್ಪಳಿಯಲ್ಲಿ ಅವರ ಮದುವೆ ನಡೆದುದು ತಂದೆ ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ರೀತಿಯಲ್ಲಿ: ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಕನ್ನಡ ನಾಡು ಅದನ್ನು ಇಂದಿಗೂ ಕೊಂಡಾಡುತ್ತದೆ. ನಿಜ ಹೇಳಬೇಕೆಂದರೆ ಅದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ಒಪ್ಪಿಗೆ, ವಲಿ, ಇಬ್ಬರು ಸಾಕ್ಷಿಗಳು, ಮಹ್ರ್: ಇಷ್ಟರಲ್ಲೇ ನಿಕಾಹ್ ಮುಗಿಯುವ ಧರ್ಮದವರು ನಾವು. ಕಬ್ಬಿಣದ ಉಂಗುರವೂ ಇಲ್ಲದ ಸಹಾಬಿಗೆ ಪ್ರವಾದಿ(ಸ)ರವರು ಕುರ್‌ಆನ್ ಕಲಿಸುವುದನ್ನೇ ಮಹ್ರ್ ಆಗಿಸಿ ಮದುವೆ ಮಾಡಿಸಿದರು. ಆ ಹದೀಸನ್ನು ವೇದಿಕೆಯಲ್ಲಿ ಹೇಳುವ ನಾವೇ, ಇಳಿದು ಹೋಗಿ ಹದಿನಾಲ್ಕು ಬಗೆಯ ಊಟಕ್ಕೆ ಕೂರುತ್ತೇವೆ.

ಕಿರುಸಾಲದವರ ಕಿರುಕುಳದ ವಿರುದ್ಧ ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದು ಬೇಕಿತ್ತು, ತಡವಾಗಿಯೇ ಬಂತು. ಆದರೆ ಬಾಗಿಲಿಗೆ ಬರುವ ವಸೂಲಿಗಾರನನ್ನು ಕಾನೂನು ತಡೆಯಬಹುದು. ಮೈಲಾಂಜಿ ಶಾಸ್ತ್ರದ ಶಾಮಿಯಾನಕ್ಕೆಂದು ಸಾಲಪತ್ರಕ್ಕೆ ಸಹಿ ಹಾಕುವ ಕೈಯನ್ನು ತಡೆಯಲಾರದು. ಆಸ್ಪತ್ರೆಗೋ ಮಗುವಿನ ಶುಲ್ಕಕ್ಕೋ ಸಾಲ ಮಾಡಿದವರನ್ನು ನಾವು ದೂರುತ್ತಿಲ್ಲ. ಇನ್ನೊಂದು ಮಾತು: ಸರಳತೆಯ ಉಪದೇಶ ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗಲ್ಲ. ಅವರದು ಸರಳತೆಯಲ್ಲ, ಬಡತನ. ಅವರಿಗೆ ಸಲ್ಲಬೇಕಾದದ್ದು ನ್ಯಾಯವಾದ ಕೂಲಿ ಮತ್ತು ಝಕಾತ್.

ಹಾಗಾದರೆ ಎಲ್ಲಿಂದ ಆರಂಭಿಸುವುದು? ಎರಡು ವರ್ಷಗಳ ಹಿಂದೆ ರಮಝಾನ್ ಕಳೆದ ಹುಮ್ಮಸ್ಸಿನಲ್ಲಿ ನಮ್ಮ ಮನೆಯಲ್ಲಿ ಒಂದೇ ದಿನ ಎಲ್ಲವನ್ನೂ ಬದಲಿಸಲು ಹೊರಟೆವು. ಟಿವಿ ಇಲ್ಲ, ಹೊರಗಿನ ತಿಂಡಿಯಿಲ್ಲ, ಹೊಸ ಬಟ್ಟೆಯಿಲ್ಲ. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಮಕ್ಕಳಿಗಿಂತ ಮೊದಲು ಸೋತವರು ನಾವು.

ಮದ್ಯದ ನಿಷೇಧವನ್ನು ನೆನೆಯಿರಿ. ಅದರಲ್ಲಿ ಲಾಭಕ್ಕಿಂತ ಕೆಡುಕು ಹೆಚ್ಚೆಂದು ಮೊದಲು, ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬೇಡಿರೆಂದು ಬಳಿಕ, ಕೊನೆಗೆ ಸಂಪೂರ್ಣ ನಿಷೇಧ. ಆರಂಭದಲ್ಲೇ ಕುಡಿಯಬಾರದೆಂದು ಆಜ್ಞೆ ಬಂದಿದ್ದರೆ ಜನರು ಒಪ್ಪುತ್ತಿರಲಿಲ್ಲವೆಂದು ಹಝ್ರತ್ ಆಯಿಶಾ(ರ) ಹೇಳಿದ್ದು ಬುಖಾರಿಯಲ್ಲಿದೆ. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರನ್ನು ಅವರ ಮಗನೇ ಸುಧಾರಣೆಗೇಕೆ ವಿಳಂಬವೆಂದು ಆತುರದಿಂದ ಪ್ರಶ್ನಿಸಿದಾಗ, ಒಮ್ಮೆಗೇ ಹೇರಿದರೆ ಜನರು ಒಮ್ಮೆಗೇ ಬಿಟ್ಟುಬಿಡುವರೆಂಬ ಭಯವನ್ನು ಅವರು ತೋಡಿಕೊಂಡರಂತೆ.

ನಿಮಗೆ ಇದನ್ನು ಕಿತಾಬಿನಿಂದ ಹೇಳಬೇಕಾಗಿಯೂ ಇಲ್ಲ. ಮರಗಸಿಯಲ್ಲಿ ನೆರಳನ್ನು ಅಳೆದು ತೆಗೆಯುತ್ತೀರಿ. ಒಂದೇ ವರ್ಷ ಎಲ್ಲ ಕೊಂಬೆಗಳನ್ನು ಕಡಿದರೆ ಬಿಸಿಲು ಬಿದ್ದು ಗಿಡ ಸೊರಗುತ್ತದೆ, ಅರೇಬಿಕಾಕ್ಕೆ ಕಾಂಡಕೊರಕ ತಗಲುತ್ತದೆ.

ಸೋತ ಮೇಲೆ ನಾವು ಒಂದನ್ನೇ ಹಿಡಿದೆವು. ಮಗ್ರಿಬ್‌ನಿಂದ ಇಶಾದ ತನಕ ಮನೆಯ ಮೊಬೈಲುಗಳೆಲ್ಲ ಬಿಸ್ಕತ್ತಿನ ಹಳೆಯ ಡಬ್ಬಿಯೊಳಗೆ. ಪತ್ರಿಕೆಯ ಪುಟ ಮುಗಿಸುವ ರಾತ್ರಿ ಮಾತ್ರ ನಮಗೆ ವಿನಾಯಿತಿ. ಆ ವಿನಾಯಿತಿಯನ್ನು ಮಗಳು ಲೆಕ್ಕವಿಡುತ್ತಾಳೆ. ಆರು ತಿಂಗಳ ನಂತರ ಎರಡನೆಯದು: ಹಬ್ಬಕ್ಕೆ ಒಬ್ಬರಿಗೆ ಒಂದೇ ಜೊತೆ ಬಟ್ಟೆ. ಮೂರನೆಯದಾದ ಸಾಲವಿಲ್ಲದ ವರ್ಷ ಇನ್ನೂ ಕೈಗೂಡಿಲ್ಲ. ಬಿಡುವು ಹೆಚ್ಚಾಯಿತೇ? ಇಲ್ಲ, ಕೆಲಸ ಅಷ್ಟೇ ಇದೆ. ಆದರೆ ಆ ಒಂದು ಗಂಟೆಯಲ್ಲಿ ಮಗ ಶಾಲೆಯಲ್ಲಿ ಪೆಟ್ಟು ತಿಂದ ವಿಷಯ ಹೇಳಿದ. ತಿಂಗಳುಗಳಿಂದ ಅವನು ಅದನ್ನು ಬಚ್ಚಿಟ್ಟಿದ್ದನಂತೆ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂಬ ಹದೀಸನ್ನು ಮದ್ರಸದಲ್ಲಿ ಕಂಠಪಾಠ ಮಾಡಿದ್ದೆವು. ಅರ್ಥವಾದದ್ದು ಆ ದಿನ.

ಮುಂದಿನ ತಿಂಗಳು ಈ ಜಮಾಅತಿನಲ್ಲಿ ಎರಡು ನಿಕಾಹ್‌ಗಳಿವೆ ಎಂದು ತಿಳಿಯಿತು. ಎರಡೂ ಮನೆಯವರು ಇಲ್ಲಿದ್ದಾರೆ. ನಾವು ಯಾರ ಮುಖವನ್ನೂ ನೋಡುತ್ತಿಲ್ಲ. ಎಲ್ಲವನ್ನೂ ಬಿಡಿ ಎಂದು ಕೇಳುವುದಿಲ್ಲ. ಒಂದನ್ನು ಬಿಡಿ: ಮೈಲಾಂಜಿಯ ಶಾಮಿಯಾನವೋ, ವೀಡಿಯೊವೋ, ಊಟದ ಮೂರು ಬಗೆಯೋ. ಯಾವುದೆಂದು ಮನೆಯ ಹೆಂಗಸರೇ ತೀರ್ಮಾನಿಸಲಿ. ಗಂಡಸರು ಅದನ್ನು ಜಮಾಅತಿನ ಕಚೇರಿಗೆ ತಿಳಿಸಿದರೆ ಸಾಕು.

ಅಸರ್ ಬಾಂಗ್‌ಗೆ ಇನ್ನು ಹತ್ತು ನಿಮಿಷಗಳಿವೆ. ಪ್ರಶ್ನೆಗಳಿದ್ದರೆ ಕೇಳಬಹುದು. ಮೊದಲು ಸಹೋದರಿಯರ ಕಡೆಯಿಂದ ಬರಲಿ.