ಮೆಟ್ಟಿಲ ಕೆಳಗಿನ ಮೀಟರ್ ಕಪಾಟು
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿದ್ಯುತ್ತಿನ ತಜ್ಞನಲ್ಲ, ಗಿರಣಿಯ ಗುಮಾಸ್ತ. ಆದರೂ ಈ ಮಾತನ್ನಾಡಲು ಕಾರಣವಿದೆ. ಹೋದ ಮಳೆಗಾಲದ ಒಂದು ರಾತ್ರಿ, ಮುಂಬಯಿಯ ನಮ್ಮ ಚಾಳಿನಲ್ಲಿ ಮೆಟ್ಟಿಲ ಕೆಳಗಿನ ಮೀಟರ್ ಕಪಾಟಿನಿಂದ ಹೊಗೆಯೆದ್ದಿತು. ಉರಿ ಗೇಣುದ್ದವೂ ಇರಲಿಲ್ಲ. ಆದರೆ ತಂತಿಯ ಪ್ಲಾಸ್ಟಿಕ್ಕು ಸುಟ್ಟ ಕರಿಹೊಗೆ ಮೆಟ್ಟಿಲನ್ನೆಲ್ಲ ತುಂಬಿತು. ಮೂರು ಮಾಳಿಗೆಗೂ ಇರುವುದು ಅದೊಂದೇ ದಾರಿ. ನನ್ನ ಮಕ್ಕಳು ಮೇಲಿದ್ದರು.

ಸಡಿಲವಾದ ಜೋಡಣೆ ಕಾವೇರಿ ಕಿಡಿ ಹತ್ತಿತು, ನಿಜ. ಅದಕ್ಕೆ ಮೇವು ಒದಗಿಸಿದವರು ನಾವೇ. ಹಳೆಯ ಪೇಪರು, ಪೊರಕೆ, ಗಣಪತಿ ಮಂಟಪದ ಬಟ್ಟೆ ಎಲ್ಲವೂ ಅಲ್ಲೇ. ನನ್ನ ಹರಕು ಛತ್ರಿಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೊದಲು ಕಪಾಟನ್ನು ಬರಿದು ಮಾಡಿರಿ. ಪ್ಲೈವುಡ್ಡಿನ ಬಾಗಿಲು ತೆಗೆದು, ಬೆಂಕಿ ತಡೆಯುವುದೆಂದು ಪರೀಕ್ಷೆಯಾದ ಬಾಗಿಲನ್ನೂ ಒಳಗೆ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಯನ್ನೂ ಹಾಕಿಸಬೇಕು. ಹಿಂದೆ ಆಸ್ಬೆಸ್ಟಾಸ್ ಬಡಿಯುತ್ತಿದ್ದರು. ಅದರ ಧೂಳು ಕ್ಯಾನ್ಸರ್ ತರುತ್ತದೆ, ಹಳೆಯದಿದ್ದರೆ ಕೊರೆಯಬೇಡಿರಿ. ತಂತಿ ಮೇಲೇರುವ ರಂಧ್ರಗಳನ್ನು ಬೆಂಕಿ ತಡೆಯುವ ಗಾರೆಯಿಂದ ಮುಚ್ಚಿಸದಿದ್ದರೆ ಬಾಗಿಲಿನ ಖರ್ಚು ವ್ಯರ್ಥ. ಹೊಗೆ ಅಲ್ಲಿಂದಲೇ ಏರುತ್ತದೆ. ಇದೆಲ್ಲ ಪರವಾನಗಿಯುಳ್ಳವರ ಕೆಲಸ, ವಿದ್ಯುತ್ ಕಂಪನಿಗೆ ತಿಳಿಸಿಯೇ ಆಗಬೇಕು. ಮೀಟರಿನ ಸೀಲು ಮುಟ್ಟಕೂಡದು.

ಅಂದು ಹಿರಿಯರೊಬ್ಬರು ಕೊಡ ತಂದರು, ಕೈಹಿಡಿದು ತಡೆದೆವು. ವಿದ್ಯುತ್ತಿನ ಬೆಂಕಿಗೆ ನೀರೆರಚಬಾರದು. 101ಕ್ಕೆ ಫೋನು ಮಾಡಿರಿ. ಮೆಟ್ಟಿಲಲ್ಲಿ ಹೊಗೆಯಿದ್ದರೆ ಇಳಿಯದೆ, ಖೋಲಿಯ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಕೂಗಿರಿ.

ಖರ್ಚಿಗಾಗಿ ಮಾಲಿಕನೊಡನೆ ಮೂರು ತಿಂಗಳು ವಾದಿಸಿ, ಕೊನೆಗೆ ಖೋಲಿಗಿಷ್ಟೆಂದು ವರ್ಗಣಿ ಹಾಕಿದೆವು. ಭಾನುವಾರ ನನಗೆ ಬಿಡುವು. ನಿಮ್ಮ ಚಾಳಿನ ಕಪಾಟು ಬರಿದು ಮಾಡುವುದಿದ್ದರೆ ಕರೆಯಿರಿ, ಬರುತ್ತೇನೆ.